ಮೂವತ್ತೆರಡು ಸಾಲಿನ ಕರಿಕಣ್ಣಿ

ಮುನಿಲಕ್ಷ್ಮಮ್ಮನ ಕುರಿಗಳಿಗೆ ನಂಬರು ಇರಲಿಲ್ಲ.

ತಮಿಳು ಸೀಮೆಯ ಪೆನ್ನಾಗರಂ ಕಡೆಯ ಕುರಿಗಾರರ ಸಂಘದಲ್ಲಿ ನೂರಾ ಎಂಬತ್ತು ಮನೆಯವರಿದ್ದರು. ಉಳಿದವರೆಲ್ಲರ ಕುರಿಗಳ ಕಿವಿಯಲ್ಲಿ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಬಿಲ್ಲೆ ಹಾಕುವವರು ಬಂದ ದಿನ ಮುನಿಲಕ್ಷ್ಮಮ್ಮ ಬೆಳಕು ಹರಿಯುವ ಮೊದಲೇ ಮಂದೆಯನ್ನು ಕಾಡಿನಂಚಿಗೆ ಹೊಡೆದುಕೊಂಡು ಹೋಗಿದ್ದಳು. ಎರಡನೇ ಸಲ ಬಂದಾಗಲೂ ಹಾಗೇ ಮಾಡಿದಳು. ಮೂರನೇ ಸಲ ಅವರೇ ಬರಲಿಲ್ಲ. ಕುರಿಯನ್ನು ಎಣಿಸಬಾರದು, ಎಣಿಸಿದ ಮಂದೆ ನಿಲ್ಲುವುದಿಲ್ಲ ಎಂದು ಅವಳಿಗೆ ಅತ್ತೆ ಹೇಳಿಕೊಟ್ಟಿದ್ದರು. ನಂಬರು ಹಾಕಿದರೆ ಎಣಿಸಿದ ಹಾಗೆಯೇ ಎಂಬುದು ಅವಳ ಲೆಕ್ಕ. ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಮುಖಗಳನ್ನು ನೋಡುತ್ತಾಳೆ. ಒಂದು ಮುಖ ಕಾಣದಿದ್ದರೂ ಗೊತ್ತಾಗುತ್ತದೆ. ಎಷ್ಟು ಕುರಿ ಇವೆ ಎಂದು ಯಾರಾದರೂ ಕೇಳಿದರೆ, "ಅವೆ, ನಾಕು" ಎಂದುಬಿಡುತ್ತಾಳೆ.

ಅವಳ ಮಗಳ ಮಗಳು ಚಂದ್ರಿಕಾ ಆ ಸಂಘಕ್ಕೆ ಆರು ತಿಂಗಳ ಹಂಗಾಮಿ ಕೆಲಸಕ್ಕೆ ಸೇರಿದಳು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಧರ್ಮಪುರಿಯಲ್ಲಿ ಬಿಎಸ್ಸಿ ಕಂಪ್ಯೂಟರ್ ಮುಗಿಸಿದವಳು. ಗೆಳತಿಯರ ಜೊತೆ ತಮಿಳು, ಅಜ್ಜಿಯ ಜೊತೆ ಮಾತ್ರ ಕನ್ನಡ. ಸಂಘದ ಆಫೀಸು ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ. ಬೇಸಿಗೆಯಲ್ಲಿ ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬಂದು ಫ್ಯಾನಿನ ಗಾಳಿಯಲ್ಲಿ ಸುತ್ತುತ್ತಿತ್ತು.

ಅವಳಿಗೆ ಮುಂಚೆ ಹನ್ನೊಂದು ವರ್ಷ ಅಲ್ಲಿ ದಾಖಲೆ ಇಟ್ಟವನು ಗೋವಿಂದರಾಜ್. ಪುಸ್ತಕ ನೋಡಿ ತಾನೇ ಕಲಿತು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದ. ಯಾವ ಮನೆಯ ಯಾವ ಕುರಿ, ಅದರ ತಾಯಿ ಯಾವುದು, ಎಲ್ಲ ಅದರಲ್ಲಿ. ಹೋದ ವರ್ಷ ಅವನಿಗೆ ಬಲಗಡೆ ಪಾರ್ಶ್ವವಾಯು ಹೊಡೆದು, ಪಾಪಿರೆಡ್ಡಿಪಟ್ಟಿಯಲ್ಲಿ ಮಗಳ ಮನೆ ಸೇರಿದ. ಅವನು ಹೋದ ಮೇಲೆ ಯಾರೋ ಕಂಪ್ಯೂಟರನ್ನು ರಿಪೇರಿ ಮಾಡಿಸಿದರು, ಪ್ರೋಗ್ರಾಂ ತೆರೆಯುವುದನ್ನೇ ನಿಲ್ಲಿಸಿತು. ಡೇಟಾಬೇಸ್ ಫೈಲು ಮಾತ್ರ ಸುರಕ್ಷಿತವಾಗಿತ್ತು. ಪೆಟ್ಟಿಗೆ ಇತ್ತು, ಬೀಗದ ಕೈ ಇರಲಿಲ್ಲ.

"ಆ ಫೈಲ್ ತೆರೆದು ನೋಡೋಕೆ, ತಿದ್ದೋಕೆ ಒಂದು ಸಾಫ್ಟ್‌ವೇರ್ ಹುಡುಕಮ್ಮಾ," ಎಂದ ಸಂಘದ ಕಾರ್ಯದರ್ಶಿ ಸೆಲ್ವಂ. "ಫ್ರೀ ಆಗಿರಬೇಕು. ಕಪ್ಪು ಪರದೆ ಮೇಲೆ ಇಂಗ್ಲಿಷ್ ಟೈಪ್ ಮಾಡೋದೆಲ್ಲ ವೇಂಡಾಂ, ಬೇಡ. ಕಟ್ಟಂ ಕಟ್ಟಮಾ, ಚೌಕ ಚೌಕವಾಗಿ ಟೇಬಲ್ ಕಾಣಬೇಕು. ನನಗೂ ಅರ್ಥ ಆಗಬೇಕು."

ಚಂದ್ರಿಕಾ ಮೂರು ಇಳಿಸಿಕೊಂಡಳು.

ಮೊದಲನೆಯದು ಭಾರಿ. ಲೋಕದಲ್ಲಿರುವ ಎಲ್ಲ ಬಗೆಯ ಡೇಟಾಬೇಸನ್ನೂ ತೆರೆಯುತ್ತೇನೆ ಎನ್ನುವಂಥದ್ದು. ಅದನ್ನು ಒತ್ತಿ, ಕೆಳಗಿಳಿದು ಟೀ ಕುಡಿದು ಬಂದರೂ ಅದಿನ್ನೂ ತೆರೆದುಕೊಳ್ಳುತ್ತಲೇ ಇತ್ತು. ಸಂಘದ ಕಂಪ್ಯೂಟರಿಗೆ ಅಷ್ಟು ಶಕ್ತಿ ಇರಲಿಲ್ಲ. ಎರಡನೆಯದು ಚೆಂದ. ಬಣ್ಣ ಬಣ್ಣದ ಸಾಲುಗಳು, ಅಕ್ಷರ ಬೇಕಾದಷ್ಟು ದಪ್ಪ ಮಾಡಿಕೊಳ್ಳಬಹುದು, ಟೇಬಲಿನ ಚೌಕದ ಮನೆಯೊಳಗೆ ಏನು ತಿದ್ದಿದರೂ ಆ ಕ್ಷಣವೇ ಫೈಲಿಗೆ ಸೇರಿಬಿಡುತ್ತದೆ. ಮೂರನೆಯದು ಬೂದಿ ಬಣ್ಣದ ಬೋಳು ಬೋಳು. ಏನು ತಿದ್ದಿದರೂ ಅದು ಕಾಯುತ್ತದೆ. ಮೇಲಿರುವ ಒಂದು ಗುಂಡಿ ಒತ್ತಿದರೆ ಮಾತ್ರ ಬರೆಯುತ್ತದೆ, ಪಕ್ಕದ ಗುಂಡಿ ಒತ್ತಿದರೆ ತಿದ್ದಿದ್ದನ್ನೆಲ್ಲ ಮರೆತು ಹಳೆಯದಕ್ಕೆ ಹಿಂದಿರುಗುತ್ತದೆ. ಮುಚ್ಚುವಾಗ ಮತ್ತೊಮ್ಮೆ ಕೇಳುತ್ತದೆ. ಚಂದ್ರಿಕಾಗೆ ರೇಗಿತು. ಗೇಟಿನಲ್ಲಿ ಒಂದು ಸಲ, ಕೋಣೆಯ ಬಾಗಿಲಲ್ಲಿ ಒಂದು ಸಲ ಅದೇ ಮಾತು ಕೇಳುತ್ತಿದ್ದ ಹಾಸ್ಟೆಲ್ ವಾರ್ಡನ್ ನೆನಪಾದರು.

ಅವಳು ಎರಡನೆಯದನ್ನು ಆರಿಸಿದಳು. ಸೆಲ್ವಂ ಕನ್ನಡಕವಿಲ್ಲದೆ ಓದಲಿ ಎಂದು ಅಕ್ಷರ ದಪ್ಪ ಮಾಡಿದಳು. ದಪ್ಪ ಮಾಡಿದ್ದರಿಂದ ಬಲಗಡೆಯ ಎರಡು ಕಾಲಂ ಪರದೆಯಾಚೆಗೆ ಹೋದವು. ಒಂದು, ತಾಯಿ ಯಾವುದು. ಇನ್ನೊಂದು, ಗುರುತು ಏನು. ಅವು ಬೇಕಾದರೆ ಟೇಬಲನ್ನು ಪಕ್ಕಕ್ಕೆ ಸರಿಸಬೇಕು. ಅವಳು ಸರಿಸಲಿಲ್ಲ.

ಮೊದಲ ವಾರ ಸ್ವಚ್ಛ ಮಾಡುವ ಕೆಲಸ. ಎರಡೆರಡು ಸಲ ಬಿದ್ದ ಬಿಲ್ಲೆ ನಂಬರು, ತಪ್ಪಾದ ಊರಿನ ಹೆಸರು. ಹದಿನೇಳನೇ ಸದಸ್ಯರ ಹತ್ತಿರ ಬಂದಾಗ ಅವಳಿಗೆ ನಗು ಬಂತು. ಹದಿನೇಳು ಎಂದರೆ ಅಜ್ಜಿ. ಬಿಲ್ಲೆ ನಂಬರು: ಖಾಲಿ. ಹೆಸರು: ಕರಿಕಣ್ಣಿ. ಕೆಳಗಿನ ಸಾಲು, ಅದೇ. ಅದರ ಕೆಳಗೆ, ಅದೇ. ಮೂವತ್ತೆರಡು ಸಾಲು ಕರಿಕಣ್ಣಿ. ಪಾಪ, ಗೋವಿಂದರಾಜ್ ಮಾಮನ ಕೈ ಆಗಲೇ ಸೋತಿರಬೇಕು, ಒಂದೇ ಗುಂಡಿಯ ಮೇಲೆ ಬೆರಳು ನಿಂತುಬಿಟ್ಟಿದೆ ಎಂದುಕೊಂಡಳು.

ಏಕೆಂದರೆ ಕರಿಕಣ್ಣಿ ಅವಳಿಗೆ ಗೊತ್ತಿದ್ದ ಕುರಿ. ಒಂದೇ ಒಂದು. ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು, ಉಳಿದ ಮೈಯೆಲ್ಲ ಕೆಂಪು, ಹಣೆಯ ಮೇಲೆ ಮಾತ್ರ ಒಂದು ಬಿಳಿ ಚುಕ್ಕೆ. ಚಿಕ್ಕವಳಾಗಿದ್ದಾಗಿನಿಂದ ರಜೆಗೆ ಬಂದಾಗಲೆಲ್ಲ ಅಜ್ಜಿ "ಕರಿಕಣ್ಣೀ" ಎಂದು ಕೂಗಿದರೆ ಒಂದು ಕುರಿ ಮಂದೆಯನ್ನು ಬಿಟ್ಟು ಓಡಿ ಬರುತ್ತಿತ್ತು. ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಮೂರು ದಿನ ಇರುವಾಗ ಅವಳ ಹಾಲ್ ಟಿಕೆಟ್ ತಿಂದದ್ದೂ ಕರಿಕಣ್ಣಿಯೇ. ಹೊಸ ಹಾಲ್ ಟಿಕೆಟ್ ತರಲು ಎರಡು ಬಸ್ಸು ಹಿಡಿದು ಹೋಗುವ ಮುಂಚೆ ಅವಳು ಅದರ ಕುತ್ತಿಗೆ ತಬ್ಬಿಕೊಂಡು ಅತ್ತಿದ್ದಳು. ತಬ್ಬಿಕೊಂಡು ಅಳಲು ಆಗ ಬೇರೆ ಯಾರೂ ಸಿಕ್ಕಿರಲಿಲ್ಲ.

ಕೊನೆಯದೊಂದನ್ನು ಉಳಿಸಿ ಮೂವತ್ತೊಂದನ್ನು ಆರಿಸಿ ಅಳಿಸಿದಳು. ಆ ಚೆಂದದ ಸಾಫ್ಟ್‌ವೇರ್ ಏನೂ ಕೇಳಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ.

ಎರಡು ದಿನ ಬಿಟ್ಟು ಸಂತೆ. ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿ ಹರಡಿದಳು.

"ಕರಿಕಣ್ಣಿ ಈದಳು ಮಗಾ. ಎಣ್ಣು ಮರಿ. ಎದ್ದು ನಿಲ್ಲೋಕೆ ಎರಡು ದಿನ ಮಾಡ್ತು. ಬರ್ಕೋ."

"ಬರ್ಕೋತೀನಜ್ಜಿ."

"ಇರು, ಮೊದ್ಲು ಓದು."

"ಏನ್ ಓದೋದು?"

"ಗೋವಿಂದರಾಜು ಓದ್ತಿರಲಿಲ್ವಾ? ಒಸ ಮರಿ ಬರೆಯೋಕೆ ಮುಂಚೆ ಅಳೇದೆಲ್ಲ ಓದಬೇಕು. ಮೊದಲ್ನೇದರಿಂದ."

ಚಂದ್ರಿಕಾ ಪರದೆ ನೋಡಿದಳು. "ಕರಿಕಣ್ಣಿ."

"ಊಂ."

ಕೆಳಗೆ ಗೊಬ್ಬರದ ಮೂಟೆ ಇಳಿಸುವ ಸದ್ದು. ಅಜ್ಜಿ ಕಡಲೆಕಾಯಿ ಒಡೆದಳು.

"ಊಂ, ಆಮೇಲೆ?"

"ಅಷ್ಟೇ ಅಜ್ಜಿ."

"ಅಷ್ಟೇ ಅಂದ್ರೆ? ಅವಳವ್ವ?"

"ಯಾರವ್ವ?"

"ಕರಿಕಣ್ಣಿ ಅವ್ವ. ಅವಳೂ ಕರಿಕಣ್ಣಿನೇ. ಅವಳವ್ವನೂ."

ಚಂದ್ರಿಕಾ ಟೇಬಲನ್ನು ಪಕ್ಕಕ್ಕೆ ಸರಿಸಿದಳು. ತಾಯಿಯ ಕಾಲಂ ಕಂಡಿತು. ಉಳಿದಿದ್ದ ಒಂದು ಸಾಲಿನ ಮುಂದೆ ಬರೆದಿತ್ತು: ತಾಯಿ, ಸಾಲು 211. ಅವಳು 211 ಹುಡುಕಿದಳು. 180ರ ಆಮೇಲೆ 212 ಇತ್ತು.

"ಅಜ್ಜಿ, ಕರಿಕಣ್ಣಿ ಒಂದೇ ಅಲ್ವಾ?"

"ಒಂದ್ ಕುರಿ ಎಷ್ಟು ವರ್ಷ ಬಾಳ್ತದೆ ಅನ್ಕೊಂಡಿದ್ದೀಯೇ?"

ಬಿಎಸ್ಸಿಯ ಮೂರು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಜ್ಜಿ ಹೇಳಿದಳು. ದೊಡ್ಡದರ ಹಲ್ಲು ಉದುರಿದ ಮೇಲೆ ಹೆಸರು ಮಗಳಿಗೆ ಹೋಗುತ್ತದೆ. ರೊಪ್ಪದಲ್ಲಿ ಆ ಹೆಸರಿಗೆ ಓಗೊಡುವುದು ಒಂದೇ. ಬರೆಸುವಾಗ ಮಾತ್ರ, ಆ ಹೊಟ್ಟೆಯಲ್ಲಿ ಹುಟ್ಟಿ ಮನೆಯಲ್ಲಿ ಉಳಿದ ಹೆಣ್ಣೆಲ್ಲ ಕರಿಕಣ್ಣಿ. ಯಾವುದರ ಪಾಲಿಗೆ ಹೆಸರು ಬರುತ್ತದೋ ಯಾರಿಗೆ ಗೊತ್ತು?

"ಕುರಿಗಾರರ ಮೊಮ್ಮಗಳು! ಇದನ್ನ ಯಾರ್ ಮುಂದೂ ಏಳ್ಬೇಡ," ಎಂದು ಅಜ್ಜಿ ನಕ್ಕಳು. ಆಮೇಲೆ ಮೊಮ್ಮಗಳ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕೇ? ಏನಾಯ್ತು?"

"ಅಳಿಸ್ಬಿಟ್ಟೆ ಅಜ್ಜಿ. ಎಲ್ಲಾನೂ."

ಸೆಲ್ವಂಗೆ ವಿಷಯ ತಿಳಿದಾಗ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಡಿ ಪಾವಿ! ಶುಕ್ರವಾರ ತಳಿ ದಾಖಲೆ ಆಫೀಸರು ಬರ್ತಾರೆ. ಬಿಲ್ಲೆ ಇಲ್ಲದ ಮಂದೆಯನ್ನ ತಳಿ ಪುಸ್ತಕಕ್ಕೆ ಸೇರಿಸೋಕೆ ಆಗಲ್ಲ ಅಂದ್ರು. ನಾನೇ ಜಗಳ ಆಡಿ, ಬಿಲ್ಲೆ ಬದಲು ಐದು ತಲೆಮಾರಿನ ತಾಯಿ ಗುರುತು ಇದ್ರೆ ಸಾಕು ಅಂತ ಒಪ್ಪಿಸಿದೀನಿ. ಯಾರಿಗೋಸ್ಕರ? ನಿಮ್ಮಜ್ಜಿಗೋಸ್ಕರ! ನಿನಗೆ ಗೊತ್ತಿರತ್ತೆ ಅಂತ ಹೇಳಲಿಲ್ಲ ನಾನು."

ಪುಸ್ತಕಕ್ಕೆ ಸೇರಿದ ಮಂದೆಗೆ ಸರ್ಕಾರಿ ಫಾರಂನಿಂದ ಟಗರು ಕೊಡುತ್ತಾರೆ. ಹೊರಗಿನ ರಕ್ತದ, ಅದೇ ತಳಿಯ ಟಗರು. ಅಜ್ಜಿಗೆ ಬೇಕಾಗಿದ್ದು ಅದೊಂದೇ. ಅವಳ ಮಂದೆಯ ಟಗರುಗಳೆಲ್ಲ ತಾಯಿಗೋ ತಂಗಿಗೋ ಹತ್ತಿರದವು. ಈ ಎರಡು ವರ್ಷದಿಂದ ಮರಿಗಳು ಸೊರಗಿ ಹುಟ್ಟುತ್ತಿದ್ದವು. ಈ ಸಲ ಎರಡು, ನಿಲ್ಲಲಾರದೆ ಹೋದವು. ಹೊಸ ಟಗರು ಬರದಿದ್ದರೆ ಕರಿಕಣ್ಣಿ ಎಂದು ಕೂಗಿದರೆ ಬರಲು ಮುಂದೆ ಯಾವುದೂ ಇರುವುದಿಲ್ಲ.

ಚಂದ್ರಿಕಾ ಗೋವಿಂದರಾಜ್‌ಗೆ ಫೋನ್ ಮಾಡಿದಳು. ಮಾತು ತೊದಲುತ್ತಿತ್ತು, ಆದರೆ ತಲೆ ಚುರುಕಾಗಿತ್ತು.

"ಮಾಮಾ, ಬೇರೆ ಕಾಪಿ ಐತಾ?"

"ಇತ್ತು. ಅದೇ ಕಂಪ್ಯೂಟರಲ್ಲಿ. ರಿಪೇರಿ... ಮಾಡಿದೋರು... ಒರೆಸಿದ್ರು."

"ಮತ್ತೆ ಎಲ್ಲೂ ಇಲ್ವಾ?"

"ಇನ್ನೊಂದು ಕಾಪಿ ನಿನ್ನ ಪಕ್ಕ ಕೂತು ಕಡಲೆಕಾಯಿ ತಿಂತಿರ್ಬೇಕು, ನೋಡು." ಉಸಿರು ತೆಗೆದುಕೊಂಡು ಕೇಳಿದ. "ಯಾವ ಟೂಲು ಇಟ್ಕೊಂಡಿದ್ದೆ?"

ಹೇಳಿದಳು.

"ಕೇಳದೆ ಬರೆಯೋದು... ಮನೆ ಲೆಕ್ಕಕ್ಕೆ ಸರಿ. ಇದು ಊರೋರ ಕುರಿ."

ಅಜ್ಜಿ ಅಂದು ಊರಿಗೆ ಹೋಗಲಿಲ್ಲ. ಮಂದೆಯನ್ನು ಮಗ ಪೆರುಮಾಳ್ ನೋಡಿಕೊಳ್ಳಲಿ ಎಂದು ಸಂತೆಗೆ ಬಂದವರ ಬಾಯಲ್ಲಿ ಹೇಳಿ ಕಳಿಸಿ, ಚಂದ್ರಿಕಾಳ ಬಾಡಿಗೆ ಕೋಣೆಯಲ್ಲಿ ಉಳಿದಳು. ಮಾರನೆಯ ದಿನ ಆಫೀಸಿನಲ್ಲಿ ಚಂದ್ರಿಕಾ ಬೂದಿ ಬಣ್ಣದ ಸಾಫ್ಟ್‌ವೇರ್ ತೆರೆದಳು.

"ಇದೂ ತಿಂದಾಕ್ತದಾ?" ಎಂದಳು ಅಜ್ಜಿ ಪರದೆಯನ್ನು ಅನುಮಾನದಿಂದ ನೋಡುತ್ತ.

"ಇಲ್ಲ. ಇದು ಕೇಳ್ತದೆ."

"ಏನಂತ?"

"ಬರೀಲಾ, ಬಿಡಲಾ ಅಂತ."

"ಮತ್ತೆ ಮೊದ್ಲೇ ಇದನ್ನ ಯಾಕಿಟ್ಕೊಳ್ಳಿಲ್ಲ?"

"ಕೇಳ್ತದೆ ಅಂತಾನೇ."

"ಮರಿ ಕಿವಿಗೆ ಗುರುತು ಕೊಯ್ಯೋನೂ ಕತ್ತರಿ ಇಟ್ಮೇಲೆ ಒಂದ್ ಸಲ ಕೇಳ್ತಾನೆ ಕಣೇ, ಇದೇನಾ ಅಂತ. ಕೊಯ್ದ ಕಿವಿ ಬೆಳೀತದಾ?" ಎಂದಳು ಅಜ್ಜಿ. ಬೈಗುಳ ಅಷ್ಟಕ್ಕೇ ಮುಗಿಯಿತು.

ಹೇಳಲು ಶುರುಮಾಡಿದಳು. ಮೊದಲ ಕರಿಕಣ್ಣಿ ಪಾಲಮಲೆಯಲ್ಲಿ ಹುಟ್ಟಿದ್ದು. ಮದುವೆಯಲ್ಲಿ ಅಜ್ಜಿಗೆ ಅವಳ ಅವ್ವ ಕೊಟ್ಟ ಮರಿ. ಮದುವಣಗಿತ್ತಿಯ ಹಿಂದೆ ಬೆಟ್ಟ ಇಳಿದು, ಕೊಳತ್ತೂರು ಕಡೆಯಿಂದ ಹರಿಗೋಲು ಹತ್ತಿ ಕಾವೇರಿ ದಾಟಿತು. ಹರಿಗೋಲಿನಲ್ಲಿ ಮದುಮಗ ಹೆದರಿ ಕಣ್ಣು ಮುಚ್ಚಿಕೊಂಡಿದ್ದ, ಮರಿ ಮುಚ್ಚಿರಲಿಲ್ಲ. ಗುರುತು: ಬಲಗಾಲಿನ ಗೊರಸು ಬಿಳಿ. ಅದರ ಮಗಳು, ಗುರುತು: ಒಂಟಿ ಮೊಲೆಯಲ್ಲಿ ಹಾಲು. ಅದರ ಮಗಳು, ಗುರುತು: ಬಾಲದ ತುದಿ ನಾಯಿ ಕಚ್ಚಿ ಮೋಟು. ಅದರ ತಂಗಿ, ಗುರುತು: ನಡೆಯುವಾಗ ಹಿಂದೆ ಹಿಂದೆ ನೋಡುತ್ತದೆ.

"ಇಂದೆ ನೋಡೋದು ಗುರುತಾ ಅಜ್ಜಿ?"

"ನೀನು ಬಂದು ನೋಡಿದ್ಯಾ? ಬರಿ."

ಬರೆದಳು. ಪ್ರತಿ ಸಾಲಿಗೂ ಅದರ ತಾಯಿಯ ಸಾಲು ಜೋಡಿಸಿದಳು. ಅಜ್ಜಿ ಕಣ್ಣು ಮುಚ್ಚಿ ಹೇಳುತ್ತಿದ್ದಳು. ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವುದನ್ನು ನೋಡಿದ ಹಾಗೆಯೇ, ಒಂದು ದಾಟಿದ ಮೇಲೆ ಇನ್ನೊಂದು. ಹತ್ತು ಸಾಲು ಆದಾಗೊಮ್ಮೆ ಚಂದ್ರಿಕಾ ಮೊದಲಿನಿಂದ ಓದುವಳು, ಅಜ್ಜಿ "ಊಂ" ಎನ್ನುವಳು, ಆಮೇಲೆ ಬರೆಯುವ ಗುಂಡಿ ಒತ್ತುವಳು.

ಗುರುವಾರ ಮಧ್ಯಾಹ್ನ ಅಜ್ಜಿ ಮೊದಲ ಸಲ ನಿಂತಳು. "ಆಮೇಲೆ..." ಎಂದಳು. ಒಂದು ಕಡಲೆಕಾಯಿ ತೆಗೆದುಕೊಂಡು, ಒಡೆಯದೆ, ಪಕ್ಕಕ್ಕೆ ಇಟ್ಟಳು. ಆಮೇಲೆ ಮುಂದಿನ ಕುರಿಗೆ ಹೋದಳು.

"ಮಧ್ಯೆ ಒಂದು ಬಿಟ್ಟೆ ಅಜ್ಜಿ."

"ಬಿಟ್ಟಿಲ್ಲ."

"ಮತ್ತೆ ಅದನ್ನ ಏಳು."

"ಅದು ನಾಲಿಗೆ ನೀಲಿ ಆಗಿ ಓಯ್ತು. ಆ ವರ್ಷ ಐಪ್ಪಸಿ ತಿಂಗಳ ಮಳೇಲಿ. ರೋಗದಲ್ಲಿ ಓದವನ್ನ ಬಾಯಲ್ಲಿ ಎತ್ತಬಾರದು. ಎತ್ತಿದ್ರೆ ರೋಗ ದಾರಿ ಕೇಳ್ಕೊಂಡು ಬರ್ತದೆ."

"ಗೋವಿಂದರಾಜ್ ಮಾಮ ಬರ್ಕೊಂಡಿದ್ರಲ್ಲ?"

"ಆಗ ಅವು ಬದುಕಿದ್ವು. ಉಟ್ಟಿದ್ದ ದಿನ ಬಂದು ಏಳಿದ್ದೆ."

ಚಂದ್ರಿಕಾ ಆ ಸಾಲನ್ನು ಖಾಲಿ ಬಿಟ್ಟಳು. ಖಾಲಿ ಮನೆಯನ್ನು ಬೂದಿ ಸಾಫ್ಟ್‌ವೇರ್ ಮಾಸಿದ ಬಣ್ಣದಲ್ಲಿ ತೋರಿಸಿತು. ಇಲ್ಲಿ ಏನೋ ಇರಬೇಕಿತ್ತು, ಗೊತ್ತಿಲ್ಲ ಎಂಬ ಹಾಗೆ. ಸಂಜೆಯ ಹೊತ್ತಿಗೆ ಪಕ್ಕಕ್ಕಿಟ್ಟ ಕಡಲೆಕಾಯಿ ಐದಾದವು. ಅಜ್ಜಿ ಅವನ್ನು ಎಣಿಸಲಿಲ್ಲ. ಚಂದ್ರಿಕಾ ಎಣಿಸಿದಳು. ನಾಲ್ಕು, ಅಕ್ಕತಂಗಿಯರ ಸಾಲಿನವು, ಅವಿಲ್ಲದಿದ್ದರೂ ತಲೆಮಾರು ತಪ್ಪುವುದಿಲ್ಲ. ಐದನೆಯದು ಹೆಸರು ಹೊತ್ತದ್ದು. ಈಗಿರುವ ಕರಿಕಣ್ಣಿಯ ಅವ್ವನ ಅವ್ವ. ಐದು ತಲೆಮಾರಿನ ಸರಪಳಿ ಸರಿಯಾಗಿ ನಡುವೆ ತುಂಡಾಗಿತ್ತು.

ಸೆಲ್ವಂ ಬಗ್ಗಿ ನೋಡಿದ. "ಒಂದೇ ಮನೆ ಅಲ್ವಾ ಖಾಲಿ? ವಾಲ್ ವೆಳ್ಳೆ, ಬಾಲ ಬಿಳಿ ಅಂತ ಹಾಕು. ಯಾರು ಬಂದು ಕುರಿ ಗುಂಡಿ ಅಗೆದು ನೋಡ್ತಾರೆ?"

"ಸುಳ್ಳು ಬರೆಸಿ ತಂದ ಟಗರು ನನ್ನ ರೊಪ್ಪಕ್ಕೆ ಬ್ಯಾಡ," ಎಂದಳು ಅಜ್ಜಿ.

"ಹಾಗಾದ್ರೆ ಟಗರೇ ಬರಲ್ಲ ಪಾಟ್ಟಿ."

"ಬರದಿದ್ರೆ ಬರಲ್ಲ." ಹೇಳಿದಳೇ ಹೊರತು ಅವಳ ಕೈ ಸೆರಗಿನ ತುದಿಯನ್ನು ತಿರುಚುತ್ತಿತ್ತು.

ಸೆಲ್ವಂ ಟೀಗೆ ಹೋದ. ಚಂದ್ರಿಕಾ ಆ ಖಾಲಿ ಮನೆಯನ್ನೇ ನೋಡುತ್ತಿದ್ದಳು. ಅಲ್ಲಿರಬೇಕಿದ್ದ ಕುರಿಯ ಮಗಳು ಹುಟ್ಟಿದ್ದು ತಾನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ. ಐಪ್ಪಸಿ ಮಳೆಯ ರೋಗ ಬಂದದ್ದು ಕಾಲೇಜು ಸೇರಿದ ವರ್ಷ. ಪರೀಕ್ಷೆ ಅವೆರಡರ ನಡುವೆ.

"ಅಜ್ಜಿ, ನನ್ನ ಹಾಲ್ ಟಿಕೆಟ್ ತಿಂದದ್ದು ಯಾವ ಕರಿಕಣ್ಣಿ?"

ಅಜ್ಜಿ ಕಿಟಕಿಯ ಕಡೆ ನೋಡಿದಳು. ಆಮೇಲೆ ಐದರಲ್ಲಿ ಒಂದು ಕಡಲೆಕಾಯಿಯನ್ನು ಬೆರಳಿನಿಂದ ಮೆಲ್ಲಗೆ ಮೊಮ್ಮಗಳ ಕಡೆಗೆ ತಳ್ಳಿದಳು.

ಅದು ಹೋಗಿ ಏಳು ವರ್ಷ. ಆಮೇಲೆ ರಜೆಗೆ ಬಂದಾಗಲೆಲ್ಲ ಓಡಿ ಬಂದ ಕುರಿ ಬೇರೆಯದು. ಹಣೆಯ ಮೇಲಿನ ಬಿಳಿ ಚುಕ್ಕೆ ಕಾಣದಿದ್ದುದಕ್ಕೆ ಕೂದಲು ಬೆಳೆದು ಮುಚ್ಚಿರಬೇಕು ಎಂದುಕೊಂಡು, ಅದರ ಕುತ್ತಿಗೆಯನ್ನೂ ತಬ್ಬಿಕೊಂಡಿದ್ದಳು.

"ನನಗೆ ಯಾಕೆ ಏಳ್ಳಿಲ್ಲ?"

"ಎಂಗೆ ಏಳ್ಳಿ? ಬಾಯಲ್ಲಿ ಎತ್ತಬಾರದಲ್ಲ." ಅಜ್ಜಿ ಕಡಲೆಕಾಯಿ ಸಿಪ್ಪೆಯನ್ನು ಒಂದೆಡೆ ಗುಡಿಸುತ್ತ ಹೇಳಿದಳು, "ನೀನು ಬಂದು ಎಸರಿಡಿದು ಕೂಗ್ದಾಗ ಅದರ ಮಗಳು ಓಡಿ ಬಂದ್ಲು. ನಿಂಗೂ ಸಾಕಾಯ್ತು, ಅವಳಿಗೂ ಸಾಕಾಯ್ತು. ಇರ್ಲಿ ಅಂದ್ಕೊಂಡೆ."

ಚಂದ್ರಿಕಾ ಮೂಗು ಒರೆಸಿಕೊಂಡಳು. "ಅಜ್ಜಿ, ಅದರ ಗುರುತು ನನಗೆ ಗೊತ್ತು. ನಾನು ಬರೀಬೋದಾ?"

ಅಜ್ಜಿ ಅತ್ತೆ ಹೇಳಿದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಸಿಕೊಂಡಿರಬೇಕು.

"ಬಾಯಲ್ಲಿ ಎತ್ತಬಾರದು ಅಂದಳು ನಮ್ಮತ್ತೆ. ಅವಳಿಗೆ ಬರಿಯೋಕೆ ಬರ್ತಿರಲಿಲ್ಲ. ಬರಿಯೋದರ ಬಗ್ಗೆ ಏನೂ ಏಳ್ಳಿಲ್ಲ." ಮತ್ತೆ ಎಚ್ಚರಿಸಿದಳು. "ಓದಿ ಮಾತ್ರ ಏಳ್ಬೇಡ."

ಚಂದ್ರಿಕಾ ಬರೆದಳು. ಗುರುತು: ಹಣೆಯ ಮೇಲೆ ಸುಣ್ಣದ ಹೆಬ್ಬೆಟ್ಟು ಒತ್ತಿದ ಹಾಗೆ ಬಿಳಿ. ಮಾಸಿದ ಬಣ್ಣ ಹೋಗಿ ಮನೆ ತುಂಬಿತು. ಮೇಲಿನ ಗುಂಡಿ ಒತ್ತುವ ಮೊದಲು ಅಜ್ಜಿಯನ್ನು ನೋಡಿದಳು. ಅಜ್ಜಿ ತಲೆಯಾಡಿಸಿದಳು. ಒತ್ತಿದಳು. ಆಮೇಲೆ ಫೈಲನ್ನು ಎರಡು ಪೆನ್‌ಡ್ರೈವಿಗೆ ಹಾಕಿದಳು, ಒಂದನ್ನು ಅಜ್ಜಿಯ ಸೆರಗಿಗೆ ಗಂಟು ಹಾಕಿದಳು. ತನಗೆ ಕೊಟ್ಟ ಕಡಲೆಕಾಯಿಯನ್ನು ಒಡೆದು ತಿಂದಳು.

ಶುಕ್ರವಾರ ಆಫೀಸರು ಬಂದು, ನೋಡಿ, ಉಳಿದ ನಾಲ್ಕು ಖಾಲಿ ಸಾಲು ಏಕೆಂದು ಕೇಳಿದರು. ಇದ್ದವು ಸಾರ್, ಗುರುತು ಸಿಗಲಿಲ್ಲ ಎಂದಳು ಚಂದ್ರಿಕಾ. ಅವರು ಐದು ತಲೆಮಾರನ್ನು ಬೆರಳಿಟ್ಟು ನೋಡಿಕೊಂಡು ಸಹಿ ಹಾಕಿದರು. ಟಗರು ಕಾರ್ತಿಕದಲ್ಲಿ ಬರುತ್ತದೆ ಎಂದರು.

ಮುಂದಿನ ಸಂತೆಗೆ ಅಜ್ಜಿ ಮತ್ತೆ ಮೆಟ್ಟಿಲು ಹತ್ತಿದಳು. "ಮರಿ ಗಟ್ಟಿಯಾಗಿ ನಿಂತ್ಕೋತಾಳೆ ಈಗ. ಓದು," ಎಂದಳು. ಚಂದ್ರಿಕಾ ಪಾಲಮಲೆಯ ಬಿಳಿ ಗೊರಸಿನಿಂದ ಶುರುಮಾಡಿದಳು. ಐದು ಕಡೆ ನಿಂತು, ಉಸಿರು ಬಿಟ್ಟು, ಮುಂದಿನದಕ್ಕೆ ಹೋದಳು. ಐದು ಕಡೆಯೂ ಅಜ್ಜಿ "ಊಂ" ಎಂದಳು. ಕೊನೆಯಲ್ಲಿ ಹೊಸ ಮರಿಯ ಸಾಲು ಸೇರಿತು, ಬಿಲ್ಲೆ ನಂಬರು ಖಾಲಿ.

ಅಳಿಸಿದ್ದು ಮೂವತ್ತೊಂದು ಸಾಲು. ಅಜ್ಜಿಯ ಬಾಯಿಂದ ಬಂದದ್ದು ಇಪ್ಪತ್ತಾರು. ಚಂದ್ರಿಕಾಳ ನೆನಪಿನಿಂದ ಒಂದು. ಹೋದದ್ದು ನಾಲ್ಕು.